ಬೂದು ಬಣ್ಣದ ಹದಿನಾಲ್ಕು ಊರು

ನನ್ನ ಪಟ್ಟಿಯಲ್ಲಿ ಆ ಊರು ಆರು ವಾರ ಹಸಿರಾಗಿಯೇ ಇತ್ತು. ನನ್ನಂಥ ಚಿಂತೆಯ ಹೆಂಗಸಿಗೆ ಅಷ್ಟರಲ್ಲೇ ಅನುಮಾನ ಬರಬೇಕಿತ್ತು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸು ನಡೆದವಳು ನಾನು. ಅನುಮಾನ ಬೇಕಾದ ಕಡೆ ಮಾತ್ರ ಅದು ಹೇಗೋ ಕೈಕೊಟ್ಟಿತು.

ಶಿರಸಿಯಲ್ಲೇ ಕೂತು ಬೇರೆಯವರ ಲೆಕ್ಕಕ್ಕೆ ಪ್ರೋಗ್ರಾಂ ಬರೆದುಕೊಡುವುದು ನನ್ನ ಕಸುಬು. ಈ ಕೆಲಸ ಬಂದದ್ದು ಮೈದುನನಿಂದ. ಗಂಡನ ಚಿಕ್ಕಪ್ಪನ ಮಗ, ಊರಿನ ಆರೋಗ್ಯಕ್ಕಾಗಿ ದುಡಿಯುವ ಒಂದು ಪುಟ್ಟ ಸಂಸ್ಥೆಯ ಸಂಯೋಜಕ. ಅಂಗಡಿಯೊಂದರ ಮಾಳಿಗೆಯ ಮೇಲೆ ಎರಡು ಕೋಣೆ, ಒಂದು ಕಂಪ್ಯೂಟರ್, ಅದರ ಮುಂದೆ ಒಬ್ಬ ಟೈಪಿಸ್ಟ್, ಇಷ್ಟೇ ಸಂಸ್ಥೆ. ಚಳಿಗಾಲ ಮುಗಿಯುತ್ತ ಬಂದಂತೆ ಕಾಡಿನ ಅಂಚಿನಲ್ಲಿ ಉಣ್ಣಿ ಏಳುತ್ತದೆ. ಇಲ್ಲಿಯವರ ಬಾಯಲ್ಲಿ ಅದು ಉಣುಗು. ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಸಿದ್ದಾಪುರ, ಶಿರಸಿ, ಯಲ್ಲಾಪುರ ಕಡೆಯ ನಲವತ್ತು ಊರುಗಳಲ್ಲಿ ವಾರಕ್ಕೊಮ್ಮೆ ಉಣುಗು ಎಣಿಸಬೇಕು, ಹೆಚ್ಚಿರುವ ಊರಿಗೆ, ಅದು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆಯನ್ನು ಮೊದಲು ಮುಟ್ಟಿಸಬೇಕು. ಎಣ್ಣೆ ಬರುವುದೇ ಕಡಿಮೆ. ಯಾರಿಗೆ ಮೊದಲು ಎಂದು ಹೇಳುವುದು ನನ್ನ ಪ್ರೋಗ್ರಾಂ.

ಎಣಿಸುವ ರೀತಿ ಸರಳ. ಮೀಟರ್ ಅಗಲದ ಬಿಳಿ ಫ್ಲಾನಲ್ ಬಟ್ಟೆ, ಒಂದು ಅಂಚಿಗೆ ಕೋಲು, ಕೋಲಿಗೆ ಹಗ್ಗ. ಗೊತ್ತುಮಾಡಿದ ಜಾಗದಲ್ಲಿ ಒಣ ಎಲೆಗಳ ಮೇಲೆ ಅದನ್ನು ಎಳೆಯುತ್ತ ಹೋಗುವುದು, ಹತ್ತು ಹೆಜ್ಜೆಗೊಮ್ಮೆ ಮಗುಚಿ ನೋಡುವುದು, ಅಂಟಿದ ಉಣುಗನ್ನು ಚಿಮ್ಮಟದಿಂದ ತೆಗೆದು ಸೀಸೆಗೆ ಹಾಕುವುದು. ಎಳ್ಳಿಗಿಂತ ಸಣ್ಣವು, ಬಿಳಿಯ ಮೇಲಾದರೆ ಮಾತ್ರ ಕಾಣುತ್ತವೆ. ಅರ್ಧರ್ಧ ಗಂಟೆಯ ಎರಡು ಎಳೆತ, ಎರಡು ಸಂಖ್ಯೆ. ಸಂಸ್ಥೆಗಾಗಿ ಊರೂರು ತಿರುಗುವ ಕಾರ್ಯಕರ್ತರು ರಿಜಿಸ್ಟರಿನಲ್ಲಿ ಬರೆದು ಫೋಟೋ ಕಳಿಸುತ್ತಾರೆ, ಟೈಪಿಸ್ಟ್ ಅದನ್ನು ಕಂಪ್ಯೂಟರಿನ ಫಾರಂಗೆ ಏರಿಸುತ್ತಾಳೆ, ಪ್ರೋಗ್ರಾಂ ಎರಡನ್ನೂ ಕೂಡಿಸಿ ನೋಡುತ್ತದೆ. ಗಂಟೆಗೆ ಹತ್ತಕ್ಕಿಂತ ಹೆಚ್ಚಾದರೆ ಊರು ಕೆಂಪು, ಇಲ್ಲದಿದ್ದರೆ ಹಸಿರು. ಸೋಮವಾರ ಬೆಳಿಗ್ಗೆ ಪಟ್ಟಿಯೂ, ಊರು ತಾಲ್ಲೂಕುಗಳಿಗೆ ಬಣ್ಣ ಹಚ್ಚಿದ ನಕ್ಷೆಯೂ ಸಿದ್ಧ. ಇದರಲ್ಲಿ ತಪ್ಪಾಗುವುದಕ್ಕೆ ಏನಿದೆ ಅಂದುಕೊಂಡಿದ್ದೆ.

ನಲವತ್ತೂ ಊರು ಸೇರುವ ಮೊದಲು ಒಂದು ವಾರ ಕೆಲವೇ ಊರುಗಳಲ್ಲಿ ಪರೀಕ್ಷೆಗೆಂದು ಬಟ್ಟೆ ಎಳೆಸಿದೆವು; ಆಗಲೇ ಯಲ್ಲಾಪುರ ಕಡೆಯ ಒಂದು ಊರು ಕೆಂಪಾಗಿ ಬಂತು. ಮೈದುನ ಜೀಪು ಮಾಡಿ ಎಣ್ಣೆ ಕಳಿಸಿದ. ಆ ಊರಿನಲ್ಲಿ ಹೇಳಿಕೊಳ್ಳುವಷ್ಟು ಉಣುಗೇ ಇರಲಿಲ್ಲವಂತೆ. ತಾವು ಕೇಳದೆಯೇ ಮನೆಬಾಗಿಲಿಗೆ ಎಣ್ಣೆ ಬಂದದ್ದು ನೋಡಿ, ಹತ್ತಿರ ಚುನಾವಣೆ ಇದೆಯೋ ಎಂದು ಜನ ಕೇಳಿದರಂತೆ. ಒಳಗೆ ಹೊಕ್ಕು ನೋಡಿದರೆ ಮೊದಲ ಎಳೆತಕ್ಕೆ ಎರಡು, ಎರಡನೆಯದಕ್ಕೆ ಒಂಬೈನೂರ ತೊಂಬತ್ತೊಂಬತ್ತು. ಹಗ್ಗ ಹರಿದು ಎರಡನೆಯ ಎಳೆತವೇ ಆಗಿರಲಿಲ್ಲ. ಟೈಪಿಸ್ಟ್ ಹಿಂದೆ ಮನೆಮನೆ ಸಮೀಕ್ಷೆಯ ಕೆಲಸ ಮಾಡಿದವಳು. ಅಲ್ಲಿ ವಯಸ್ಸು ಹೇಳದವರಿಗೆ 999 ಹಾಕುವುದು ಪದ್ಧತಿ, ಇಲ್ಲೂ ಅದನ್ನೇ ಹಾಕಿದ್ದಳು. ಗಂಟೆಗೆ ಸಾವಿರದೊಂದು ಉಣುಗು ಎಂದು ಯಾರಾದರೂ ಓದಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಪಟ್ಟಿಯಲ್ಲಿ ಸಂಖ್ಯೆ ಇರುವುದಿಲ್ಲ, ಬಣ್ಣ ಮಾತ್ರ ಇರುತ್ತದೆ. ಜನಕ್ಕೆ ಸುಲಭವಾಗಲಿ ಎಂದು ಹಾಗೆ ಮಾಡಿದವಳು ನಾನೇ.

ಸಂಖ್ಯೆ ಸಿಗದ ಕಡೆ 999 ಬೇಡ, ಬರೀ ಒಂದು ಅಡ್ಡಗೆರೆ ಹಾಕಿ ಎಂದೆ. ಖಾಲಿ ಬಿಡಿ ಎನ್ನುವಂತಿರಲಿಲ್ಲ, ಏಕೆಂದರೆ ಖಾಲಿ ಬಿಟ್ಟ ಸಾಲನ್ನು ಒಪ್ಪಬಾರದೆಂದು ಆ ಫಾರಂಗೆ ಕಟ್ಟುಮಾಡಿದವಳೂ ನಾನೇ. ಗೆರೆ ಕಂಡಲ್ಲಿ ಪ್ರೋಗ್ರಾಂ ನ್ಯಾನ್ ಇಟ್ಟುಕೊಳ್ಳಲಿ ಎಂದು ಬರೆದೆ. ಕಂಪ್ಯೂಟರಿನ ದಶಾಂಶ ಸಂಖ್ಯೆಗಳ ನಡುವೆ ‘ನಾಟ್ ಎ ನಂಬರ್’, ಅಂದರೆ ‘ಇದು ಸಂಖ್ಯೆಯಲ್ಲ’ ಎಂದು ಹೇಳುವುದಕ್ಕೆಂದೇ ಇರುವ ವಿಶೇಷ ಬೆಲೆ ಅದು. ನೋಡಲು ಸಾಧು. ಆದರೆ ಯಾವ ಲೆಕ್ಕಕ್ಕೆ ಸೇರಿದರೂ ಆ ಲೆಕ್ಕವನ್ನೆಲ್ಲ ತನ್ನಂತೆಯೇ ಮಾಡಿಬಿಡುತ್ತದೆ. ಐದಕ್ಕೆ ನ್ಯಾನ್ ಕೂಡಿಸಿದರೆ ನ್ಯಾನ್. ಮರುವಾರ ಎಲ್ಲ ಊರೂ ಸೇರಿದಾಗ ಸಿದ್ದಾಪುರ, ಯಲ್ಲಾಪುರ ಎರಡೂ ತಾಲ್ಲೂಕುಗಳ ಮೊತ್ತ ನ್ಯಾನ್ ಆಗಿ, ನಕ್ಷೆಯಲ್ಲಿ ಅವುಗಳ ಜಾಗ ಬೆಳ್ಳಗೆ ತೂತಾಗಿ ಕಂಡಿತು. ಮೈದುನನ ಫೋನು ಬಂತು.

“ಇಲ್ಲದ್ದಕ್ಕೆ ಒಂದು ನಂಬರ್ ಕೊಟ್ಬಿಡು ಅತ್ತಿಗೆ. ಖಾಲಿ ಜಾಗ ಕಂಡ್ರೆ ಜನ ಪ್ರಶ್ನೆ ಕೇಳ್ತ.”

ನಂಬರ್ ಕೊಡಲಿಲ್ಲ. ಆದರೆ ಅವನ ಕಾಟ ತಪ್ಪಲೆಂದು, ನ್ಯಾನ್ ಬಂದರೆ ಬಿಟ್ಟು ಉಳಿದದ್ದನ್ನು ಮಾತ್ರ ಕೂಡಿಸುವ ಸಿದ್ಧ ಆಜ್ಞೆಯೊಂದನ್ನು ಬಳಸಿದೆ. ನಕ್ಷೆ ತುಂಬಿತು. ಮೈದುನ ಖುಷಿಯಾದ. ಆರು ವಾರ ಯಾರೂ ಫೋನು ಮಾಡಲಿಲ್ಲ. ನನಗೆ ಫೋನು ಬರದಿದ್ದರೆ ನೆಮ್ಮದಿಯಿಲ್ಲ, ಬಂದರೆ ಮೊದಲೇ ಇಲ್ಲ. ಆದರೂ ಆ ಆರು ವಾರ ಎಂದಿಲ್ಲದಂತೆ ನಿದ್ದೆ ಬಂತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಏಳನೆಯ ವಾರದ ಗುರುವಾರ ಸಿದ್ದಾಪುರ ಕಡೆಯ ಕಾರ್ಯಕರ್ತೆ ಫೋನು ಮಾಡಿದಳು. ನಲವತ್ತು ದಾಟಿದವಳು, ನಾಲ್ಕು ಊರುಗಳಲ್ಲಿ ಬಟ್ಟೆ ಎಳೆಯುವವಳು. ತನ್ನ ಪಾಲಿನ ಒಂದು ಊರಿನಲ್ಲಿ ಸೋಮವಾರದಿಂದ ದರಕು ಗುಡಿಸಲು ಹೊರಡುತ್ತಾರೆ, ಎಣ್ಣೆ ಯಾವಾಗ ಬರುತ್ತದೆ ಎಂದು ಕೇಳಿದಳು. ದರಕು ಎಂದರೆ ಬೆಟ್ಟದಲ್ಲಿ ಉದುರಿ ಒಣಗಿದ ಎಲೆ. ದನದ ಕೊಟ್ಟಿಗೆಗೆ ಹಾಸಲು ವರ್ಷಕ್ಕಾಗುವಷ್ಟನ್ನು ಈ ದಿನಗಳಲ್ಲೇ ಗುಡಿಸಿ ತರುತ್ತಾರೆ. ಹದಿನೆಂಟು ಮನೆಯ ಹೆಂಗಸರು ಬರಿಗಾಲಲ್ಲಿ, ಉಣುಗು ಕೂತಿರುವ ಎಲೆಯಲ್ಲೇ ದಿನವಿಡೀ ಕೈಯಾಡಿಸುವ ಕೆಲಸ. ನಾನು ಪಟ್ಟಿ ನೋಡಿ, ಆ ಊರು ಹಸಿರಿದೆಯಲ್ಲ, ಮೊದಲಿಂದಲೂ ಹಸಿರೇ, ಹೆದರಬೇಡ ಎಂದೆ.

“ಹಸಿರು ಹ್ಯಾಂಗ್ ಬಂತು ಮೇಡಂ? ನಾವು ಅಲ್ಲಿ ಒಂದಿನಾನೂ ಬಟ್ಟೆ ಎಳೆದೇ ಇಲ್ಲ.”

ಆರು ವಾರವೂ ಗೆರೆ ಹಾಕಿದ್ದಳಂತೆ. ಗೆರೆ ಹಾಕಿ ಎಂದು ನಾವೇ ಹೇಳಿದ್ದೆವಲ್ಲ. ಏಕೆ ಎಳೆಯಲಿಲ್ಲ ಎಂದರೆ, ಅದು ಫೋನಿನಲ್ಲಿ ಹೇಳುವ ಮಾತಲ್ಲ, ಬಂದರೆ ತೋರಿಸುತ್ತೇನೆ ಎಂದಳು.

ಫೋನಿಟ್ಟು ಪ್ರೋಗ್ರಾಂ ತೆರೆದೆ. ಎರಡೂ ಎಳೆತ ನ್ಯಾನ್ ಆದ ಊರಿನಲ್ಲಿ ಆ ಸಿದ್ಧ ಆಜ್ಞೆ ಎರಡನ್ನೂ ಬಿಟ್ಟು, ಉಳಿದದ್ದನ್ನು ಕೂಡಿಸುತ್ತದೆ. ಉಳಿದದ್ದು ಏನೂ ಇಲ್ಲ. ಏನೂ ಇಲ್ಲದ್ದರ ಮೊತ್ತ ಸೊನ್ನೆ. ಸೊನ್ನೆ ಹತ್ತಕ್ಕಿಂತ ಕಡಿಮೆ. ಹಸಿರು. ಯಾರೂ ಕಾಲಿಡದ ಊರು ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಸುರಕ್ಷಿತ ಊರಾಗಿತ್ತು.

ಆ ಆಜ್ಞೆಯನ್ನು ತೆಗೆದುಹಾಕಿದೆ. ಮೊತ್ತ ನ್ಯಾನ್ ಆಗಿಯೇ ಉಳಿಯಲಿ, ಆಗಲಾದರೂ ಊರು ಬೇರೆಯಾಗಿ ಕಂಡೀತು ಎಂಬ ಆಸೆ. ಓಡಿಸಿದರೆ ಮತ್ತೂ ಹಸಿರು. ನ್ಯಾನ್ ಹತ್ತಕ್ಕಿಂತ ಹೆಚ್ಚೇ ಎಂದು ಕೇಳಿದರೆ ಕಂಪ್ಯೂಟರ್ ಇಲ್ಲ ಎನ್ನುತ್ತದೆ. ಕಡಿಮೆಯೇ ಎಂದು ಕೇಳಿದ್ದರೂ ಇಲ್ಲ ಎನ್ನುತ್ತಿತ್ತು. ಆದರೆ ನಾನು ಕೇಳಿದ್ದು ಹೆಚ್ಚೇ ಎಂದು ಮಾತ್ರ, ‘ಇಲ್ಲ’ ಎಂದದ್ದೆಲ್ಲ ಹಸಿರಿನ ಬುಟ್ಟಿಗೆ. ಎರಡು ಬೇರೆ ಬೇರೆ ದಾರಿ, ಎರಡೂ ಹೋಗಿ ಮುಟ್ಟುವುದು ಒಂದೇ ಸುಳ್ಳಿಗೆ.

ಸರಿ, ಹೋಲಿಸುವ ಮೊದಲೇ ನ್ಯಾನ್ ಹಿಡಿಯೋಣ ಎಂದು, ಸಂಖ್ಯೆ ನ್ಯಾನ್‌ಗೆ ಸಮವಾದರೆ ಊರನ್ನು ಬೇರೆ ಇಡು ಎಂದು ಬರೆದೆ. ಒಂದೂ ಸಿಗಲಿಲ್ಲ. ಗೆರೆ ಓದುವುದರಲ್ಲೇ ದೋಷವಿರಬೇಕೆಂದು ಟೈಪಿಸ್ಟ್‌ಗೆ ಫೋನು ಮಾಡಿ ಅವಳ ತಲೆ ತಿಂದೆ. ಕೀಬೋರ್ಡಿನ ಯಾವ ಗೆರೆ ಹಾಕಿದೆ, ಸಣ್ಣದೋ ಉದ್ದದ್ದೋ ಎಂದು ವಿಚಾರಣೆ ಮಾಡಿದೆ. ಅವಳು ಅಳುವ ಹಾಗಾದಳು. ಮಧ್ಯಾಹ್ನದ ಊಟ ತಣ್ಣಗಾಯಿತು. ಮೂರು ಗಂಟೆಯ ಹೊತ್ತಿಗೆ ನೆನಪಾಯಿತು: ನ್ಯಾನ್ ಯಾವುದಕ್ಕೂ ಸಮವಲ್ಲ, ಇನ್ನೊಂದು ನ್ಯಾನ್‌ಗೂ ಅಲ್ಲ, ಕಡೆಗೆ ತನಗೆ ತಾನೂ ಅಲ್ಲ. ‘ನೀನು ನಿನಗೇ ಸಮವೋ’ ಎಂದು ಕೇಳಬೇಕು. ಅಲ್ಲ ಎಂದರೆ ಅದೇ ನ್ಯಾನ್. ಅದಕ್ಕೆಂದೇ ಸಿದ್ಧ ಪರೀಕ್ಷೆಯೂ ಇದೆ. ಒಂದು ಕಾಲದಲ್ಲಿ ಇದನ್ನು ಬೇರೆಯವರಿಗೆ ಪಾಠ ಮಾಡಿದ್ದವಳು ನಾನು, ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಕೇಳಿ ಮಾರ್ಕು ಕಳೆದದ್ದೂ ಉಂಟು. ಟೈಪಿಸ್ಟ್‌ಗೆ ಮತ್ತೆ ಫೋನು ಮಾಡಿ ಕ್ಷಮೆ ಕೇಳಿದೆ. ಅವಳು, ಅಡ್ಡಿಲ್ಲ ಮೇಡಂ, ಸಣ್ಣ ಗೆರೆಯೇ ಹಾಕಿದ್ದು ಎಂದಳು.

ಪರೀಕ್ಷೆ ಸರಿಯಾಗಿ ಓಡಿಸಿದಾಗ ಹದಿನಾಲ್ಕು ಊರು ಬೇರೆಯಾಗಿ ಬಿದ್ದವು. ಅವುಗಳಿಗೆ ಬೂದು ಬಣ್ಣ ಹಾಕಿದೆ.

ಶುಕ್ರವಾರ ಬೆಳಿಗ್ಗೆ ಮಾಳಿಗೆ ಹತ್ತಿ ನಕ್ಷೆ ತೋರಿಸಿದೆ. ಮೈದುನ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಬೂದು ಹೋಗಲಿಲ್ಲ. ಮುಂದಿನ ವಾರ ಎಣ್ಣೆ ಕೊಡುವವರು ಬಂದು ನಕ್ಷೆ ನೋಡುವವರಿದ್ದರು.

“ಹದಿನಾಲ್ಕು ಊರು ಬೂದು ತೋರ್ಸಿದ್ರೆ, ಯಂಗ ಇಷ್ಟು ದಿನ ಎಂತ ಮಾಡ್ತಾ ಇದ್ಯ ಹೇಳಿ ಕೇಳ್ತ.”

ನಾವು ಏನು ಮಾಡುತ್ತಿದ್ದೆವೆಂದು ಕೇಳಲಿ, ಕೇಳಬೇಕಾದ್ದೇ ಎಂದೆ. ದರಕು ಗುಡಿಸಲು ಹೊರಟ ಊರಿಗೆ ಎಣ್ಣೆ ಕೊಡು ಎಂದದ್ದಕ್ಕೆ ಅವನು ಕಪಾಟು ತೆರೆದು ತೋರಿಸಿದ. ಕಪಾಟಿನಲ್ಲಿ ಉಳಿದದ್ದು ಇಪ್ಪತ್ತು ಬಾಟಲಿ. ಅದು ಶಿರಸಿ ಕಡೆಯ ಒಂದು ಕೆಂಪು ಊರಿನ ಎರಡನೆಯ ಕಂತು. ಅಲ್ಲಿ ಉಣುಗು ಎಣಿಸಿ ನೋಡಿದ್ದಾಗಿದೆ, ಇದೆ ಎಂದು ಗೊತ್ತಿದೆ. ಗೊತ್ತಿರುವ ಊರಿನಿಂದ ಕಿತ್ತು, ಗೊತ್ತಿಲ್ಲದ ಊರಿಗೆ ಕೊಡುವುದು ಯಾವ ನ್ಯಾಯ ಎಂದ.

“ಅಲ್ಲಿ ಉಣುಗು ಇದ್ದು ಹೇಳಿ ನಿಂಗೆ ಗೊತ್ತಿದ್ದಾ ಅತ್ತಿಗೆ?”

“ಗೊತ್ತಿಲ್ಲೆ. ಬೂದು ಅಂದ್ರೆ ಅದೇಯ. ನೀ ಇಷ್ಟು ದಿನ ಹಸಿರು ಹಚ್ಚಿದ್ಯಲ, ಇಲ್ಲೆ ಹೇಳಿ ನಿಂಗೆ ಗೊತ್ತಿತ್ತಾ?”

ಹಸಿರು ಹಚ್ಚಿದ್ದು ನಿನ್ನ ಪ್ರೋಗ್ರಾಂ ಎಂದ. ಅದು ನಿಜವಾದ್ದರಿಂದ ನನಗೆ ಇನ್ನೂ ಸಿಟ್ಟು ಬಂತು. ಗೊತ್ತಿಲ್ಲದ ಊರನ್ನು, ನೋಡುವ ತನಕ, ಕೆಂಪಿನ ಜೊತೆಗೇ ಇಡಬೇಕು; ಹಾಗಿಲ್ಲದ ಪಟ್ಟಿ ಬೇಕಾದರೆ ಬೇರೆಯವರ ಹತ್ತಿರ ಬರೆಸಿಕೋ ಎಂದುಬಿಟ್ಟೆ. ಕೆಂಪು ಊರಿಗೆ ನಾನೇ ಫೋನು ಮಾಡಿ, ಮೊದಲ ಕಂತು ಎಷ್ಟು ಉಳಿದಿದೆ ಎಂದು ಕೇಳಿದೆ. ನಾಲ್ಕು ದಿನಕ್ಕೆ ಸಾಲುತ್ತದೆ, ಬುಧವಾರಕ್ಕೆ ಮುಂದಿನದು ಬರಲಿ ಎಂದರು. ಬುಧವಾರ ಹೊಸ ಎಣ್ಣೆ ಬರುವುದಿತ್ತು. ಬರದಿದ್ದರೆ ಎಂಬ ಚಿಂತೆಯನ್ನು ಚೀಲಕ್ಕೆ ಹಾಕಿಕೊಂಡು, ಅದರ ಮೇಲೆ ಹದಿನೆಂಟು ಬಾಟಲಿ ಇಟ್ಟೆ. ಉಣುಗೇ ಸಿಗದಿದ್ದರೆ ನೀನೇ ಉತ್ತರ ಹೇಳಬೇಕು ಎಂದು ಮೈದುನ ಮೆಟ್ಟಿಲ ತನಕ ಬಂದು ಹೇಳಿದ.

ಶನಿವಾರ ಬಸ್ಸಿನಲ್ಲಿ ಸಿದ್ದಾಪುರ, ಅಲ್ಲಿಂದ ಕಾರ್ಯಕರ್ತೆಯ ಸ್ಕೂಟರು. ಗುಡ್ಡದ ರಸ್ತೆಯಲ್ಲಿ ನಾನು ಅವಳ ಹೆಗಲು ಹಿಡಿದದ್ದಕ್ಕೆ, ಇಷ್ಟು ಬಿಗಿ ಹಿಡಿದರೆ ತಿರುಗಿಸಲು ಬರುವುದಿಲ್ಲ ಎಂದು ನಗಾಡಿದಳು. ಊರಿನ ಮೇಲ್ಗಡೆ ಸ್ಕೂಟರು ನಿಲ್ಲಿಸಿ ಒಂದು ಕಲ್ಲಿನ ಹತ್ತಿರ ಕರೆದುಕೊಂಡು ಹೋದಳು. ಕಲ್ಲಿನಾಚೆ ದೊಡ್ಡ ದೊಡ್ಡ ಮರ, ಬಿದ್ದ ಕೊಂಬೆಯನ್ನೂ ಯಾರೂ ಎತ್ತದ ಕಾಡು. ಅದು ದೇವರಕಾನು, ದೇವರಿಗೆಂದೇ ಬಿಟ್ಟದ್ದು. ಬಟ್ಟೆ ಎಳೆಯಲು ನಾನು ಗುರುತು ಹಾಕಿದ ಜಾಗ ಕಲ್ಲಿನಿಂದ ಐವತ್ತು ಹೆಜ್ಜೆ ಒಳಗೆ.

ಜಾಗ ಗೊತ್ತುಮಾಡಿದ್ದೂ ನಾನೇ, ಇನ್ಯಾರು? ನಲವತ್ತು ಊರಿಗೂ ಕಂಪ್ಯೂಟರಿನಿಂದ ಚೀಟಿ ಎತ್ತಿದ ಹಾಗೆ ಒಂದೊಂದು ಬಿಂದು ಆರಿಸಿದ್ದೆ, ಆಯ್ಕೆಯಲ್ಲಿ ಯಾರ ಕೈವಾಡವೂ ಇರಬಾರದೆಂದು. ಜಾಗವನ್ನು ಒಂದು ಮಾರೂ ಸರಿಸಬಾರದು ಎಂದು ತರಬೇತಿಯಲ್ಲಿ ಮೂರು ಸಲ ಹೇಳಿದ್ದೆ.

ಬೂಟು ಕಳಚಿ ಹೋಗಲು ಬರುವುದಿಲ್ಲವೇ ಎಂದು ಕೇಳಿದೆ. ಬೂಟಿನದಲ್ಲ ಎಂದಳು ಕಾರ್ಯಕರ್ತೆ.

“ಬಟ್ಟೆ ಮೇಡಂ. ವರ್ಷಕ್ಕೊಂದ್ಸಲ ದೇವರು ಹೊರಡುವಾಗ ಈ ನೆಲಕ್ಕೆ ಬಿಳಿ ಬಟ್ಟೆ ಹಾಸ್ತಾರೆ, ನಡೆಮಡಿ ಅಂತ. ದೇವರು ನಡೆಯೋದು ಅದರ ಮೇಲೆ. ಅಂಥಾ ನೆಲದಲ್ಲಿ ನಾ ಬಿಳಿ ಬಟ್ಟೆ ಹಾಸಿ, ಉಣುಗು ಹೆಕ್ಕಿ, ದರದರ ಎಳ್ಕಂಡು ಹೋಗ್ಲಾ?”

ಬೇರೆ ಬಣ್ಣದ ಬಟ್ಟೆಯಾದರೆ ಉಣುಗು ಕಾಣುವುದಿಲ್ಲ. ಜಾಗ ಸರಿಸುವಂತಿಲ್ಲ. ಖಾಲಿ ಬಿಟ್ಟರೆ ಫಾರಂ ಒಪ್ಪುವುದಿಲ್ಲ. ಕಾರಣ ಬರೆಯಲು ಅಂಕಣವೇ ಇಲ್ಲ. ಇಷ್ಟು ಬಾಗಿಲನ್ನು ನಾನೇ ಹಾಕಿದ ಮೇಲೆ ಅವಳಿಗೆ ಉಳಿದದ್ದು ಆ ಗೆರೆಯೊಂದೇ. ಆರು ವಾರ ಅವಳು ತಪ್ಪದೆ ಬಂದು, ಕಲ್ಲಿನ ಹತ್ತಿರ ನಿಂತು, ಗೆರೆ ಎಳೆದು ಹೋಗಿದ್ದಳು. ಯಾರ ಮೇಲೆ ರೇಗಲಿ? ರೇಗಲು ಸಿಕ್ಕವಳು ನಾನೊಬ್ಬಳೇ, ಆ ಕೆಲಸವನ್ನು ಬಸ್ಸಿನಿಂದಲೇ ಶುರುಮಾಡಿಯಾಗಿತ್ತು.

ಹೆಂಗಸರು ದರಕು ಗುಡಿಸುವುದು ಎಲ್ಲಿ ಎಂದು ಕೇಳಿದೆ. ಕಲ್ಲಿನ ಈಚೆಯ ಬೆಟ್ಟದಲ್ಲಿ, ಕಾನಿನ ಅಂಚಿಗೆ ಹೊಂದಿಕೊಂಡೇ. ಹಾಗಾದರೆ ಬಿಂದು ಇಲ್ಲಿಗೆ ಬಂತು ಎಂದೆ. ಮೂರು ಸಲ ಹೇಳಿದ್ದನ್ನು ಒಂದೇ ಸಲಕ್ಕೆ ವಾಪಸು ತೆಗೆದುಕೊಂಡೆ. ಕಾರ್ಯಕರ್ತೆ ಕಾಲುಚೀಲವನ್ನು ಪೈಜಾಮದ ಮೇಲಕ್ಕೆ ಎಳೆದುಕೊಂಡು, ಎಣ್ಣೆ ಹಚ್ಚಿ, ನನಗೂ ಹಚ್ಚಿಸಿ, ಬಟ್ಟೆ ಬಿಚ್ಚಿದಳು. ಮೊದಲ ಮಗುಚಿಗೆ ಏನೂ ಕಾಣಲಿಲ್ಲ. ಉಣುಗು ಸಿಗಲಿ ಎಂದು ಹಾರೈಸುತ್ತಿದ್ದೆನೋ, ಸಿಗದಿರಲಿ ಎಂದೋ ನನಗೇ ತಿಳಿಯಲಿಲ್ಲ. ಸಿಗದಿದ್ದರೆ ಮೈದುನನ ಮುಖ ನೋಡಬೇಕು, ಸಿಕ್ಕರೆ ಈ ಹದಿನೆಂಟು ಮನೆಯವರ ಮುಖ. ಎರಡನೆಯ ಮಗುಚಿಗೆ ನಾಲ್ಕು. ಆಮೇಲೆ ಎಣಿಸುವ ಕೆಲಸ ನನಗೆ ಬಂತು, ಹೆಕ್ಕುವುದಕ್ಕೇ ಅವಳಿಗೆ ಎರಡು ಕೈ ಸಾಲಲಿಲ್ಲ. ಮೊದಲ ಅರ್ಧ ಗಂಟೆಗೆ ಇಪ್ಪತ್ತೇಳು. ಎರಡನೆಯದಕ್ಕೆ ಮೂವತ್ತನಾಲ್ಕು.

ಮನೆಮನೆಗೂ ಹೋಗಿ ಬಾಟಲಿ ಕೊಟ್ಟೆವು. ಹಚ್ಚುವ ರೀತಿ ತೋರಿಸಿದೆವು, ಕತ್ತಿನ ಹಿಂದೆ, ಮೊಣಕಾಲಿನ ಹಿಂದೆ, ಬೆರಳಿನ ಸಂದಿಯಲ್ಲಿ. ವಾಪಸು ಬಂದ ಮೇಲೆ ಬಿಸಿನೀರು, ಬಟ್ಟೆಯನ್ನು ಒಳಗೆ ತರಬೇಡಿ, ಜ್ವರ ಬಂದರೆ ಒಂದು ದಿನವೂ ಕಾಯಬೇಡಿ ಎಂದೆವು. ಕಾನಿನ ಅಂಚಿನ ಸಾಲನ್ನು ಈ ವರ್ಷ ಬಿಟ್ಟು, ಕೆಳಗಿನ ಬೆಟ್ಟದಲ್ಲೇ ಗುಡಿಸುವುದಕ್ಕೆ ಒಪ್ಪಿದರು. ಕೊನೆಯ ಮನೆಯ ಅಜ್ಜಿ ಬಾಟಲಿ ಮೂಸಿ ನೋಡಿ, ಎಷ್ಟು ಸಿಕ್ತು ಎಂದು ಕೇಳಿದರು. ಅರವತ್ತೊಂದು ಎಂದೆ.

“ನಮ್ಮನೆ ದನದ ಕಿವಿ ನೋಡಿದ್ರೇ ಸಾಕಿತ್ತು ತಂಗಿ. ಒಂದೂವರೆ ತಿಂಗಳಾತು, ದಿನಾ ಕೀಳ್ತಾ ಇದೀನಿ. ಯಾರೂ ಕೇಳ್ಲೇ ಇಲ್ಲ.”

ಕೇಳಲು ನನ್ನ ಫಾರಂನಲ್ಲಿ ಅದಕ್ಕೂ ಜಾಗವಿರಲಿಲ್ಲ.

ಸೋಮವಾರ ಪಟ್ಟಿ ಹೊರಟಿತು. ಆ ಊರು ಕೆಂಪು. ಹಿಂದಿನ ಆರು ವಾರಕ್ಕೂ ಅರವತ್ತೊಂದನ್ನೇ ತುಂಬಿದರೆ ನಕ್ಷೆ ಚೆನ್ನಾಗಿ ಕಾಣುತ್ತದಲ್ಲ ಎಂದು ಮೈದುನ ಒಂದು ಕೈ ನೋಡಿದ. ಆಗುವುದಿಲ್ಲ, ಆ ಆರು ವಾರ ನಮಗೆ ಗೊತ್ತಿಲ್ಲ, ಇನ್ನು ಎಂದಿಗೂ ಗೊತ್ತಾಗುವುದಿಲ್ಲ ಎಂದೆ. ಮಂಗಳವಾರ ಎಣ್ಣೆ ಕೊಡುವವರು ಬಂದಾಗ ಮಾತ್ರ ಬೂದು ಬಣ್ಣದ ಮೇಲೆ ತಾನೇ ಬೆರಳಿಟ್ಟು ತೋರಿಸಿದನಂತೆ. ಬುಧವಾರ ಹೊಸ ಎಣ್ಣೆ ಬಂತು, ಕೆಂಪು ಊರಿಗೆ ಅದೇ ದಿನ ಹೋಯಿತು. ಹದಿನೆಂಟು ಮನೆಗಳಲ್ಲಿ ಆ ಬೇಸಿಗೆ ಮುಗಿಯುವ ತನಕ ಯಾರಿಗೂ ಆ ಜ್ವರ ಬರಲಿಲ್ಲ. ಎಣ್ಣೆಯಿಂದಲೋ, ಅಂಚಿನ ಸಾಲು ಬಿಟ್ಟದ್ದರಿಂದಲೋ, ಅವರ ಅದೃಷ್ಟದಿಂದಲೋ ಹೇಳಲಾರೆ.

ಫಾರಂ ಬದಲಿಸಿದೆ. ಮೊದಲ ಅಂಕಣ: ಬಟ್ಟೆ ಎಳೆದಿರಾ, ಹೌದು ಅಥವಾ ಇಲ್ಲ. ಇಲ್ಲವಾದರೆ ಏಕೆ ಎಂದು ಬರೆಯಲು ಜಾಗ. ಹೌದಾದರೆ ಮಾತ್ರ ಸಂಖ್ಯೆ. ಉಳಿದ ಹದಿಮೂರು ಬೂದು ಊರುಗಳ ಕಾರ್ಯಕರ್ತರಿಗೆ ಒಬ್ಬೊಬ್ಬರಿಗೇ ಫೋನು ಮಾಡಿ, ಏಕೆ ಹೋಗಲಿಲ್ಲ ಎಂದು ಕೇಳಬೇಕೆಂದು ಕೂತೆ. ಮೊದಲನೆಯವನು ಯಲ್ಲಾಪುರ ಕಡೆಯವನು, ಮಾತು ಕಡಿಮೆಯ ಮನುಷ್ಯ. ನನ್ನ ಪ್ರಶ್ನೆಗೇ ಅವನಿಗೆ ಬೇಸರವಾಯಿತು. ಪ್ರತಿ ವಾರವೂ ಹೋಗಿದ್ದನಂತೆ, ಪೂರ್ತಿ ಒಂದು ಗಂಟೆ ಎಳೆದಿದ್ದನಂತೆ, ಒಂದು ಉಣುಗೂ ಸಿಗಲಿಲ್ಲವಂತೆ. ಹಾಗಾದರೆ ಗೆರೆ ಏಕೆ ಹಾಕಿದೆ, ಸೊನ್ನೆ ಬರೆಯಬೇಕಿತ್ತಲ್ಲ ಎಂದೆ.

“ಸೊನ್ನೆ ಬರೆದ್ರೆ ನಾ ಕೆಲ್ಸಕ್ಕೇ ಹೋಗ್ಲಿಲ್ಲ ಅಂದ್ಕಳ್ತೀರಿ ಅಂತ ಹೆದ್ರಿಕೆ ಮೇಡಂ.”

ಹೋಗಲಾಗದವಳು ಗೆರೆ ಹಾಕಿದ್ದಳು. ಹೋಗಿ ಬಂದವನು, ಹೋಗಿಲ್ಲ ಅಂದುಕೊಂಡಾರೆಂದು ಗೆರೆ ಹಾಕಿದ್ದ. ಉಣುಗು ಇಲ್ಲದಿರುವುದು ಒಳ್ಳೆಯ ಸುದ್ದಿ, ಸೊನ್ನೆಯೂ ಒಂದು ಸಂಖ್ಯೆ, ಅದನ್ನು ದುಡಿದು ತಂದವನು ನೀನು, ಧೈರ್ಯವಾಗಿ ಬರೆ ಎಂದು ವಿವರಿಸಿದೆ. ಅವನು ಪೂರ್ತಿ ಕೇಳಿದ. ಕೊನೆಗೆ, ಸೊನ್ನೆ ತಂದರೆ ಬೈಯುವುದಿಲ್ಲ ಎಂದು ಒಂದು ಚೀಟಿ ಬರೆದುಕೊಡುತ್ತೀರಾ, ಸಹಿ ಹಾಕಿ, ಎಂದು ಕೇಳಿದ.

ಬರೆದುಕೊಟ್ಟೆ. ಊರಿಗೊಂದರಂತೆ ಹದಿಮೂರು ಪ್ರತಿ ಮಾಡಿದೆ.